ಮೂಲೆ ಕತ್ತರಿಸಿದ ಕಾರ್ಡು

ಹೋದ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಸೋದರಮಾವ ತೀರಿಕೊಂಡರು. ಮಧ್ಯಾಹ್ನ ಎರಡಕ್ಕೆ ಅವರು ನನ್ನನ್ನು ಚೆನ್ನಾಗಿ ಬೈದರು.

ಗಾಬರಿಯಾಗಬೇಡಿ. ನಡೆದದ್ದು ಹೀಗೆ.

ನಮ್ಮ ಭೂಪಾಲಮಾಮಾ ಇಚಲಕರಂಜಿಯಲ್ಲಿ ನೂಲಿನ ವ್ಯಾಪಾರಿ. ಅಂಗಡಿಯಲ್ಲಿ ನೂಲು ಎಷ್ಟಿದೆ ಎಂದು ಕೇಳಿದರೆ ಗುಮಾಸ್ತನ ಮುಖ ನೋಡುತ್ತಾರೆ. ಆದರೆ ಅಟ್ಟದ ಮೇಲೆ ಹಳೆ ಮರಾಠಿಯ ಮೋಡಿ ಲಿಪಿಯ ಸನದುಗಳು ಎಷ್ಟಿವೆ, ಗೆದ್ದಲು ತಿಂದ ತಾಳೆಗರಿ ಗ್ರಂಥ ಎಷ್ಟು, ಯಾವ ಸಂಸ್ಥಾನದ ಸ್ಟಾಂಪು ಇನ್ನೂ ಸಿಕ್ಕಿಲ್ಲ, ಇದನ್ನೆಲ್ಲ ಕೇಳುವ ಮೊದಲೇ ಹೇಳುತ್ತಾರೆ. ಇದರ ಮೇಲೆ ಆಟೋಗ್ರಾಫಿನ ಹುಚ್ಚು ಬೇರೆ. ಪೈಲ್ವಾನರು, ದಿವಾನರು, ನಾಟಕದವರು, ಯಾರನ್ನೂ ಬಿಟ್ಟಿಲ್ಲ. (ನನ್ನ ಸಹಿಯನ್ನು ಮಾತ್ರ ಕೇಳಿಲ್ಲ. ವಾರವಾರ ಬರೆಯುವವನ ಸಹಿ ಯಾರಿಗೆ ಬೇಕು?)

ಉತ್ತರದ ಕಡೆಯ ಸಂಸ್ಥಾನವೊಂದರ ಆಸ್ಥಾನ ಗಾಯಕರಿಗೆ ಮಾಮಾ ಆರು ಪತ್ರ ಬರೆದಿದ್ದರು. ಆರಕ್ಕೂ ಉತ್ತರವಿಲ್ಲ. ಏಳನೆಯದಕ್ಕೆ ಒಂದು ಕಾರ್ಡು ಬಂತು. ಎರಡು ಸಾಲು, ಕೆಳಗೆ ಸಹಿ. ಸಾಲದ್ದಕ್ಕೆ ಕಾರ್ಡಿನ ಮೂಲೆಯಲ್ಲಿ ಸಂಸ್ಥಾನದ ಹೆಸರು ಒತ್ತಿದ ಸ್ಟಾಂಪು. ಅದೂ ಮಾಮಾನ ಹತ್ತಿರ ಇರಲಿಲ್ಲ.

ಈಗ ಪೇಚು ನೋಡಿ. ಮಾಮಾನ ಮನೆಯ ಕಾಯ್ದೆ ಎಂದರೆ ಸ್ಟಾಂಪು ಒಂದು ಆಲ್ಬಮ್ಮಿಗೆ, ಸಹಿ ಇನ್ನೊಂದು ಕಡೆಗೆ. ಕಾರ್ಡು ಒಂದೇ. ನೀರಿನಲ್ಲಿ ನೆನೆಸಿ ಸ್ಟಾಂಪು ಬಿಡಿಸೋಣವೆಂದರೆ ಸಹಿಯ ಮಸಿ ಕದಡುತ್ತದೆ. ಮಾಮಾ ಕತ್ತರಿ ತೆಗೆದುಕೊಂಡರು. ಮೂಲೆಯನ್ನು ನಾಜೂಕಾಗಿ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿದರು. ಉಳಿದ ಕಾರ್ಡಿಗೆ ಗಾಜು ಹಾಕಿಸಿ ಫ್ರೇಮ್ ಮಾಡಿಸಲೆಂದು ಕೊಲ್ಹಾಪುರದ ನನ್ನ ಮನೆಗೆ ಕಳಿಸಿದರು. ಲಕೋಟೆಯಲ್ಲಿ ಹಾಕಿದರೆ ಮಡಿಕೆ ಬೀಳುತ್ತದಂತೆ. ಎರಡು ರಟ್ಟುಗಳ ನಡುವೆ ಇಟ್ಟು, ನೂಲು ಸುತ್ತಿ, ಸರ್ವಿಸ್ ಮೋಟಾರಿನ ಡ್ರೈವರನ ಕೈಗೆ ಕೊಟ್ಟರು. ಜೊತೆಗೊಂದು ಚೀಟಿ ಇಡಬೇಕೆಂದು ಹೊಳೆಯಲಿಲ್ಲ. ಅಟ್ಟದ ತುಂಬ ಕಾಗದ ಇಟ್ಟುಕೊಂಡವರಿಗೆ ಒಂದು ಚೀಟಿಗೆ ಬರವೇ?

ನಾನು ಆಫೀಸಿನಲ್ಲಿದ್ದೆ. ಮನೆಯಲ್ಲಿ ಅವ್ವ ಒಬ್ಬಳೇ. ಇಚಲಕರಂಜಿಯ ನಿಮ್ಮ ತಮ್ಮನ ಮನೆಯಿಂದ ಬಂದದ್ದು ಎಂದಷ್ಟೇ ಹೇಳಿ ಡ್ರೈವರ್ ಹೋಗಿಬಿಟ್ಟ. ಅವ್ವ ಬಾಗಿಲಲ್ಲೇ ನಿಂತು ನೂಲು ಬಿಚ್ಚಿದಳು. ನೋಡಿದರೆ ಮೂಲೆ ಇಲ್ಲ.

ನಮ್ಮ ಕಡೆ ಮೂಲೆ ಹರಿದ ಕಾಗದ ಬಂತೆಂದರೆ ಸಾವಿನ ಸುದ್ದಿ ಎಂದು ನಿಮಗೆ ನಾನು ಹೇಳಬೇಕೇ? ಅದನ್ನು ಒಳಗೆ ತರುವಂತಿಲ್ಲ. ಹೊರಗೇ ನೋಡಿ, ಹರಿದು ಹಾಕಿ, ತಲೆಯ ಮೇಲೆ ನೀರು ಹಾಕಿಕೊಳ್ಳಬೇಕು. ಕಾರ್ಡಿನಲ್ಲಿರುವುದು ಯಾವ ಲಿಪಿ, ಯಾರ ಸಹಿ ಎಂದು ಅವ್ವ ನೋಡಲೇ ಇಲ್ಲ. ಮಾಡಬೇಕಾದದ್ದನ್ನೆಲ್ಲ ಮಾಡಿದಳು. ಆಸ್ಥಾನ ಗಾಯಕರು ಚೂರುಚೂರಾಗಿ ನಮ್ಮ ಓಣಿಯ ಗಟಾರದಲ್ಲಿ ತೇಲಿಹೋದರು.

ಪಕ್ಕದ ಮನೆಯವರು ಹೇಳಿಕಳಿಸಿದ ಮೇಲೆ ನಾನು ಓಡಿಬಂದೆ. ಅವ್ವ ಒದ್ದೆ ತಲೆಯಲ್ಲಿ ಅಂಗಳದಲ್ಲಿ ಕೂತಿದ್ದಳು. ಸಿಕ್ಕಿದ ಮೋಟಾರು ಹತ್ತಿ ಹೊರಟೆವು. ದಾರಿಯುದ್ದಕ್ಕೂ ಅವ್ವ ತಮ್ಮನ ಒಂದೊಂದೇ ತಪ್ಪನ್ನು ಕ್ಷಮಿಸುತ್ತ ಬಂದಳು. ಗಡಹಿಂಗ್ಲಜದ ತವರುಮನೆಯ ಪೆಟ್ಟಿಗೆಯಿಂದ ಆಕೆಯ ಜಾತಕವನ್ನೇ ಹಳೆ ಹಸ್ತಪ್ರತಿ ಎಂದು ಒಯ್ದಿದ್ದ ತಮ್ಮ ಅವನು. ಅದಕ್ಕಾಗಿ ವರ್ಷವಿಡೀ ಅವನ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಅದನ್ನೂ ಮಾಫ್ ಮಾಡಿದಳು.

ಮನೆ ಮುಟ್ಟಿದರೆ ಹೊರಗೆ ಜನವಿಲ್ಲ. ಪಡಸಾಲೆಯಲ್ಲಿ ಮಾಮಾ ಪರಾತದ ತುಂಬ ನೀರು ಹಾಕಿಕೊಂಡು ಸ್ಟಾಂಪು ನೆನೆಸುತ್ತ ಕೂತಿದ್ದಾರೆ. ನನ್ನನ್ನು ನೋಡಿ, "ಇಷ್ಟ ಲಗೂ ಫ್ರೇಮ್ ಆತೇನು?" ಎಂದರು.

ಅವ್ವ ತಮ್ಮನನ್ನು ತಬ್ಬಿಕೊಂಡು ಅತ್ತಳು. ಮಾಮಾನಿಗೆ ಏನೂ ತಿಳಿಯದು. ಚಿಮಟದಲ್ಲಿದ್ದ ಸ್ಟಾಂಪನ್ನು ಆಕೆಯ ಸೆರಗಿಗೆ ತಾಗದಂತೆ ಮೇಲೆ ಎತ್ತಿ ಹಿಡಿದಿದ್ದರು.

ನಾನೇ ಎಲ್ಲ ಬಿಡಿಸಿ ಹೇಳಿದೆ. ಮಾಮಾನ ಮುಖ ಬಿಳಿಚಿತು. ಹಗಲೊತ್ತು ಮನೆಯಲ್ಲಿರದೆ ಆಫೀಸಿಗೆ ಯಾಕೆ ಹೋಗಿದ್ದೆ ಎಂದು ನನ್ನನ್ನೇ ಬೈದರು. (ಹೌದಲ್ಲ, ಯಾಕೆ ಹೋಗಿದ್ದೆ?) ಆಮೇಲೆ ಅವರ ಕಣ್ಣು ತುಂಬಿಬಂದವು. ನಗು ಬರುವಂಥ ಮಾತೇ, ಆದರೆ ನನಗೆ ನಿಜಕ್ಕೂ ಪಾಪ ಅನಿಸಿತು.

ಅವ್ವನಿಗೆ ಅನಿಸಲಿಲ್ಲ. ಕಣ್ಣೊರೆಸಿಕೊಂಡು ಎದುರಿಗೆ ಕೂತಳು.

"ಕಂಡಿಲ್ಲ ಕೇಳಿಲ್ಲ, ಅವರ ಕಾರ್ಡಿಗೆ ಇಷ್ಟ ಸಂಕಟ ಮಾಡಕೋತಿ. ಮದಿವಿ ಆಗಿ ಹೋದಾಗಿಂದ ತಿಂಗಳಾ ನಾ ನಿನಗ ಬರಿಯಾಕತ್ತೇನಿ. ನನ್ನ ಕಾಗದ ಎಲ್ಲಿ ಇಟ್ಟಿ, ತೋರಸು."

ಮಾಮಾ ಲಗುಬಗೆಯಿಂದ ಆಲ್ಬಮ್ ತೆರೆದರು. ನಾಲ್ಕು ಪುಟಗಳ ತುಂಬ ಕೊಲ್ಹಾಪುರದ ಮುದ್ರೆ ಬಿದ್ದ ಮಾಮೂಲಿ ಸ್ಟಾಂಪುಗಳು, ಸಾಲಾಗಿ. ಒಂದರ ಅಂಚಿನ ಹಲ್ಲೂ ಮುರಿದಿಲ್ಲ.

"ಇವು ತಿಕೀಟು. ಕಾಗದ ಎಲ್ಲಿ ಅವ?"

ಮಾಮಾ ಇನ್ನೊಂದು ಪುಟ ತಿರುವಿದರು. ಅಡಿಗೆಮನೆಯಿಂದ ಅತ್ತೆ ಸಹಜವಾಗಿ ಹೇಳಿದಳು, "ಬಚ್ಚಲ ಒಲಿಗೆ ಹಾಕತೇವ್ರಿ ಅಕ್ಕಾರ. ಭಾಳ ಛಲೋ ಹತ್ತತಾವ."

ಹೊತ್ತು ಮುಳುಗುವ ಮೊದಲು ಊಟ ಮುಗಿಸಿ ಹೊರಟೆವು. ಮೋಟಾರಿನಲ್ಲಿ ಅವ್ವ, ಬರುವಾಗ ಕ್ಷಮಿಸಿದ್ದನ್ನೆಲ್ಲ ಒಂದೊಂದಾಗಿ ವಾಪಸ್ ತೆಗೆದುಕೊಂಡಳು.

ಶನಿವಾರ ಮಾಮಾನ ಕಾರ್ಡು ಬಂತು. ನಾಲ್ಕೂ ಮೂಲೆ ಸರಿಯಾಗಿದ್ದವು. ಅಕ್ಕನ ಕಾಗದ ಬೇಕಂತೆ. ಸ್ಟಾಂಪು ಹಚ್ಚದೆ ಹಾಗೇ ಅಂಚೆಪೆಟ್ಟಿಗೆಗೆ ಹಾಕಿದರೂ ದಂಡ ಕೊಟ್ಟು ಬಿಡಿಸಿಕೊಳ್ಳುತ್ತಾರಂತೆ. ಸ್ಟಾಂಪಿಲ್ಲದ ಕಾಗದವನ್ನು ಮಾಮಾ ಕೇಳಿದ್ದು ಇದೇ ಮೊದಲು.

ಅವ್ವ ಆ ಕಾರ್ಡನ್ನು ಎರಡು ಸಲ ಓದಿದಳು. ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಉತ್ತರ ಮಾತ್ರ ಬರೆದಿಲ್ಲ. ಯಾಕೆ ಎಂದು ಕೇಳಿದೆ.

"ಸ್ವಲ್ಪ ಕಾಯಲಿ ಬಿಡು," ಅಂದಳು. "ಕಾದು ಪಡದದ್ದನ್ನ ಅಷ್ಟ ಇಟಗೋತಾನ ಅಂವಾ."