ಓನರ್ ಆಂಟಿಯ ಬಾಯಿ

ನಮ್ಮ ಓನರ್ ಆಂಟಿಯ ಮೊಣಕೈ ಎರಡೂ ಕರ್ರಗೆ ದಡ್ಡುಗಟ್ಟಿದ್ದವು. ಬೆಳಗ್ಗೆ ಬಾಗಿಲಿಗೆ ನೀರು ಹಾಕಿ, ಕಾಂಪೌಂಡ್ ಗೋಡೆಯ ಮೇಲೆ ಕೈಯೂರಿ ನಿಂತರೆಂದರೆ ಸಾರಕ್ಕಿಯ ಆ ರಸ್ತೆಯಲ್ಲಿ ಯಾರೂ ಮಾತಾಡಿಸಿಕೊಳ್ಳದೆ ದಾಟುವಂತಿರಲಿಲ್ಲ. ಒಂದು ಕಾಲಕ್ಕೆ ಅಲ್ಲೇ ಅವರ ರಾಗಿ ಹೊಲ ಇತ್ತಂತೆ. ಈಗ ಮೂರಂತಸ್ತಿನ ಮನೆ, ಮೇಲಿನದರಲ್ಲಿ ನಾನು.

ನಾನು ಅಂದರೆ, ಹದಿನೇಳಕ್ಕೇ ಒಂದು ಹಾಡು ಹಿಟ್ ಆಗಿ ತಲೆ ತಿರುಗಿದವಳು. ಕಾಲೇಜು ಫೆಸ್ಟು, ಮದುವೆ, ಮಾಲ್ ಓಪನಿಂಗು, ಎಲ್ಲಿ ಹೋದರೂ ಅದೇ ಹಾಡು, ಅದೇ ಒನ್ಸ್ ಮೋರು. ಸ್ಟೇಜ್ ಹತ್ತುವ ಧೈರ್ಯಕ್ಕೆ ಅಂತ ಶುರುವಾದ ಕುಡಿತ, ಇಳಿದ ಮೇಲೆ ನಿದ್ದೆಗೂ ಬೇಕಾಯಿತು. ಆಮೇಲೆ ಹಲ್ಲುಜ್ಜುವ ಮುಂಚೆಯೂ. ಕೊನೆಗೆ ಡೀಅಡಿಕ್ಷನ್ ಸೆಂಟರು. ಅಲ್ಲಿಂದ ಹೊರಬಂದಾಗ ಈ ವಿಷಯ ಯಾರಿಗೂ ಗೊತ್ತಾಗದಿದ್ದರೆ ಸಾಕಪ್ಪ ಅನ್ನಿಸಿತ್ತು. ಬಾಡಿಗೆಗೆ ಮನೆ ಕೇಳುವಾಗ ಆಂಟಿಗೆ ಮಾತ್ರ ನಿಜ ಹೇಳಿದೆ. ನನ್ನ ಬುದ್ಧಿ ಎಲ್ಲಿ ಹೋಗಿತ್ತೋ!

ಒಂದೇ ವಾರ. ಸೊಪ್ಪಿನವಳಿಗೆ ಗೊತ್ತು, ಇಸ್ತ್ರಿಯವನಿಗೆ ಗೊತ್ತು, ಗ್ಯಾಸ್ ತರುವವನಿಗೂ ಗೊತ್ತು. ಮೆಟ್ಟಿಲಿಳಿದು ಬಂದರೆ ನನ್ನೆದುರಿಗೇ ಪರಿಚಯ: “ಮೇಲಿನ ಮನೇವ್ಳು. ಭಾಳ ಕುಡೀತಿದ್ಲು, ಪಾಪ. ಈಗ ಬುಟ್ಟವ್ಳೆ.” ಹಾಡುತ್ತಾಳೆ ಅಂತ ಒಬ್ಬರಿಗಾದರೂ ಹೇಳಬಾರದಾ?

“ಆಂಟೀ, ನನ್ನ ಮಾನ ಯಾಕೆ ಹರಾಜು ಹಾಕ್ತೀರ?” ಅಂತ ಕೂಗಾಡಿದೆ.

“ಕುಡಿಯೋವಾಗ ಹೋಗ್ದಿರೋ ಮಾನ, ಬುಟ್ಟಿದ್ದು ಹೇಳುದ್ರೆ ಹೋಯ್ತದಾ?” ಅಂತ ಅವರೆಕಾಯಿಯ ಮೊರ ನನ್ನ ಮುಂದೆ ತಳ್ಳಿದರು. ಇಂಥವರ ಹತ್ತಿರ ಏನು ವಾದ ಮಾಡೋದು? ಕೂತು ಸುಲಿದೆ.

ಒಂದು ಸಂಜೆ, ನನ್ನ ಆ ಹಿಟ್ ಹಾಡನ್ನೇ ಬೇರೆ ಹುಡುಗಿಯಿಂದ ಹಾಡಿಸಿ ರಿಲೀಸ್ ಮಾಡಿದ್ದು ಫೋನಿನಲ್ಲಿ ಸಿಕ್ಕಿತು. ಚೆನ್ನಾಗಿಯೇ ಹಾಡಿದ್ದಳು, ಹಾಳಾದವಳು. ಚಪ್ಪಲಿ ಮೆಟ್ಟಿಕೊಂಡು ಸೀದಾ ಮೂಲೆಯ ವೈನ್ ಸ್ಟೋರಿಗೆ ನಡೆದೆ. ಕೌಂಟರಿನವನು ನನ್ನ ನೋಡಿದ್ದೇ ಕೈ ಮುಗಿದ.

“ಅಕ್ಕ, ನಿಮಗೆ ಕೊಡಂಗಿಲ್ಲ. ಆಂಟಿ ಬಂದು ಹೇಳವ್ರೆ. ಕೊಟ್ರೆ ಅಂಗಡಿ ಮುಂದೆ ಕೂತು ಬೊಬ್ಬೆ ಹೊಡೀತಾರೆ. ನಂಗ್ಯಾಕಕ್ಕ?”

ನಿಂತವರೆಲ್ಲ ತಿರುಗಿ ನೋಡಿದರು. ಅವರಲ್ಲಿ ನಮ್ಮ ಇಸ್ತ್ರಿಯವನೂ ಇದ್ದ. ತನ್ನ ಕ್ವಾರ್ಟರನ್ನು ಬೆನ್ನ ಹಿಂದೆ ಅಡಗಿಸಿಕೊಂಡು, “ಮನೆಗೆ ಹೋಗಕ್ಕ” ಅಂತ ನನಗೇ ಬುದ್ಧಿ ಹೇಳಿದ. ಅಳುತ್ತಾ ವಾಪಸ್ ಬಂದು ಆಂಟಿಗೆ ಬಾಯಿಗೆ ಬಂದಂತೆ ಬೈದೆ. ಪೂರ್ತಿ ಕೇಳಿಸಿಕೊಂಡು, “ಉಂಡ್ಯಾ?” ಅಂದರು. ಆ ರಾತ್ರಿ ಅವರ ಅಡುಗೆಮನೆಯಲ್ಲೇ ಮುದ್ದೆ ಉಂಡೆ.

ಹೋದ ವರ್ಷ ಆಂಟಿ ತೀರಿಕೊಂಡರು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಅವರ ಸೊಸೆಗಿಂತ ಜೋರಾಗಿ ಅತ್ತವಳು ನಾನು. ಅಳುವಾಗಲೂ ಅವರ ಮೇಲೆ ಸಿಟ್ಟೇ. ಇಷ್ಟು ವರ್ಷ ನನ್ನನ್ನು ಕಾದು, ಹೀಗೆ ಹೇಳದೆ ಕೇಳದೆ ಹೋಗಿಬಿಡೋದಾ?

ತಿಥಿ ಮುಗಿದು ಸ್ವಲ್ಪ ದಿನಕ್ಕೆ ಮೆಟ್ರೋ ಸ್ಟೇಷನ್ ಹತ್ತಿರ ಹೊಸ ವೈನ್ ಸ್ಟೋರ್ ಬಂತು. ಹೊಸ ಜನ, ನನ್ನ ಸುದ್ದಿ ಯಾರಿಗೂ ಗೊತ್ತಿಲ್ಲ. ಬೇರೆ ದಾರಿಯಿದ್ದರೂ ನಾನು ದಿನಾ ಅದರ ಮುಂದೆಯೇ ಓಡಾಡತೊಡಗಿದೆ. ನನಗೇ ಹೆದರಿಕೆಯಾಯಿತು. ಒಂದು ದಿನ ಒಳಗೇ ಹೋದೆ.

“ಯಾವ್ದು ಕೊಡ್ಲಿ ಮೇಡಂ?”

“ಏನೂ ಬೇಡ. ನನ್ನ ಮುಖ ಸರಿಯಾಗಿ ನೋಡ್ಕೊಳ್ಳಿ. ಭಾಳ ಕುಡೀತಿದ್ದೆ, ಈಗ ಬಿಟ್ಟಿದೀನಿ. ನಾಳೆ ನಾನೇ ಬಂದು ಕಾಲು ಹಿಡಿದ್ರೂ ಕೊಡ್ಬೇಡಿ.”

ಹಿಂದೆ ನಿಂತವರಿಗೂ ಕೇಳಲಿ ಅಂತ ಜೋರಾಗಿಯೇ ಹೇಳಿದೆ.