ಕಾಲುವೆ ದಾಟಿದ ಗೆರೆ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದವನು. ದೆವ್ವ, ಗಾಳಿ ಎಂದು ಮಾತು ಶುರುವಾದರೆ ಎದ್ದೇ ಹೋಗುತ್ತಿದ್ದೆ. ಓದಿದ್ದು ಕಂಪ್ಯೂಟರು, ಹೊಟ್ಟೆಗೆ ದಾರಿಯೂ ಅದೇ. ದಿನವಿಡೀ ಯಂತ್ರದ ಮುಂದೆ ಕೂತವನಿಗೆ ಮನುಷ್ಯರ ಬಾಯಿಮಾತಿನ ಮೇಲೆ ಅಷ್ಟಾಗಿ ನಂಬಿಕೆ ಉಳಿಯುವುದಿಲ್ಲ. ನೀವೂ ನಗುವುದಾದರೆ ನಗಿ, ನನಗೆ ಬೇಸರವಿಲ್ಲ. ಪೂರ್ತಿ ಓದಿದ ಮೇಲೆ ನಗಿ, ಅಷ್ಟೇ.

ಆಗ ನಾನು ಶಹಾಪುರದಲ್ಲಿದ್ದೆ. ಕಾಲುವೆಗಳ ಉಸ್ತುವಾರಿಯನ್ನು ಗುತ್ತಿಗೆ ಹಿಡಿದಿದ್ದ ಒಂದು ಸಂಸ್ಥೆಯಲ್ಲಿ ಕೆಲಸ, ಕಚೇರಿ ಸುರಪುರದ ಕಡೆ. ಕೂತು ಕೂತು ಹೊಟ್ಟೆ ಬಂದಿದ್ದರಿಂದ ಸೈಕಲ್ಲಿನಲ್ಲೇ ಹೋಗಿ ಬರುತ್ತಿದ್ದೆ. "ಕಂಪ್ಯೂಟರ್ ಸಾಹೇಬ್ರಿಗೆ ಒಂದು ಗಾಡಿ ತಗೊಳ್ಳಾಕ ಆಗವಲ್ದೇನ್ರಿ?" ಎಂದು ಚಹಾದಂಗಡಿಯವನು ದಿನಾ ಕಾಡುತ್ತಿದ್ದ. ಅದು ನನಗೆ ಲೆಕ್ಕಕ್ಕಿರಲಿಲ್ಲ. ತಲೆ ಕೆಡಿಸುತ್ತಿದ್ದದ್ದು ಕಾಲುವೆ. ಕಚೇರಿ ಆಚೆ ದಂಡೆಯಲ್ಲಿ ಎದುರಿಗೇ ಕಾಣುತ್ತಿತ್ತು, ನಡುವೆ ಕಾಲುವೆ ಮತ್ತು ಒಂದು ಜೋಳದ ಹೊಲ, ಅಷ್ಟೇ. ಸೇತುವೆ ಮಾತ್ರ ಎರಡು ಕಿಲೋಮೀಟರು ಕೆಳಗೆ. ಮುರುಮು, ಅಂದರೆ ಗರಸು ಮಣ್ಣು, ಹಾಕಿದ ದಂಡೆಯ ಮೇಲೆ ಕುಲುಕಾಡುತ್ತ ಹೋಗಿ, ದಾಟಿ, ಮತ್ತೆ ಅಷ್ಟೇ ದೂರ ವಾಪಸು ಬರಬೇಕು. ಕಾಲುವೆ ತೋಡಿದವರು ನೀರಿನ ದಾರಿ ನೋಡಿದರೇ ಹೊರತು ಮನುಷ್ಯರ ದಾರಿ ನೋಡಲಿಲ್ಲ ಎಂದು ದಿನಾ ಬೈದುಕೊಳ್ಳುತ್ತಿದ್ದೆ. ನಾನು ಎಷ್ಟು ಸುತ್ತುತ್ತೇನೆಂದು ತೋರಿಸಲಿಕ್ಕೆಂದೇ, ಸೈಕಲ್ ಹೋದ ದಾರಿಯನ್ನು ನಕ್ಷೆಯ ಮೇಲೆ ಕೆಂಪು ಗೆರೆಯಾಗಿ ಎಳೆಯುವ ಆ್ಯಪ್ ಒಂದನ್ನು ಮೊಬೈಲಿಗೆ ಹಾಕಿಕೊಂಡಿದ್ದೆ.

ನಮ್ಮಲ್ಲಿ ದೇವಿಂದ್ರಪ್ಪ ಎಂಬ ಹಿರಿಯರಿದ್ದರು. ಕಚೇರಿಗೆ ಸರಿ ಎದುರು, ಈಚೆ ದಂಡೆಯಲ್ಲಿದ್ದ, ಕಾಲುವೆಯ ನೀರು ಬಿಡುವ ಗೇಟು ನೋಡಿಕೊಳ್ಳುವುದು ಅವರ ಕೆಲಸ. ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಮೊಬೈಲಿನಲ್ಲೇ ಹಾಜರಿ ಒತ್ತಬೇಕು. ಎಲ್ಲಿ ನಿಂತು ಒತ್ತಿದರೆಂಬುದೂ ನನ್ನ ಕಂಪ್ಯೂಟರಿಗೆ ಬರುತ್ತಿತ್ತು. ಒಂದು ದಿನ ಅದು ಅವರನ್ನು ಕಾಲುವೆಯಾಚೆಯ ಆ ಜೋಳದ ಹೊಲದಲ್ಲಿ ತೋರಿಸಿತು. ಗೇಟು ಬಿಟ್ಟು ಕೂಲಿಗೆ ಹೋಗಿದ್ದಾರೆಂದು ಮೇಲಿನವರು ನನ್ನಿಂದ ವರದಿ ಕೇಳಿದರು.

ದೇವಿಂದ್ರಪ್ಪ ನನ್ನ ಮೇಜಿನ ಮುಂದೆ ಬಂದು ನಿಂತರು. "ನಾ ಗೇಟ ಬಿಟ್ಟು ಕದಲಿಲ್ರಿ ಸರ್. ಖರೇ ಹೇಳಾಕತ್ತೀನಿ."

"ಮಷೀನ್ ಸುಳ್ಳ ಹೇಳಂಗಿಲ್ಲ ಕಾಕಾ," ಅಂದೆ.

ದಾಖಲೆ ಸರಿಯಿದೆ ಎಂದು ಬರೆದು ಸಹಿ ಹಾಕಿದೆ. ಅವರ ಕೆಲಸ ಹೋಯಿತು. ಮೊಬೈಲು ತೋರಿಸುವ ಜಾಗ ಆಗಾಗ ತಪ್ಪುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹತ್ತಿಪ್ಪತ್ತು ಹೆಜ್ಜೆ ತಪ್ಪಬಹುದು, ಕಾಲುವೆ ದಾಟುವಷ್ಟು ತಪ್ಪುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಇದಾಗಿ ಒಂದು ತಿಂಗಳಿರಬಹುದು. ಚಳಿಗಾಲದ ಬೆಳಿಗ್ಗೆ, ಕಾಲುವೆಯ ಮೇಲೆ ಮಂಜು ಕವಿದಿತ್ತು, ಸೈಕಲ್ಲಿನ ಮುಂದಿನ ಗಾಲಿಯೂ ಸರಿಯಾಗಿ ಕಾಣುತ್ತಿರಲಿಲ್ಲ. ಅದೇ ಗೇಟಿನ ಹತ್ತಿರ ಚೈನು ಕಳಚಿತು. ಶಪಿಸುತ್ತ ಇಳಿದೆ. ಚೈನು ಏರಿಸಿ ಮೊಬೈಲು ನೋಡಿದಾಗ ಒಂಬತ್ತೂ ಇಪ್ಪತ್ತು. ಒಂಬತ್ತೂವರೆ ಮೀರಿದರೆ ಅರ್ಧ ದಿನದ ರಜೆ ಖೋತಾ. ಸುತ್ತು ಹಾಕಲು ಇಪ್ಪತ್ತು ನಿಮಿಷವಾದರೂ ಬೇಕು. ಇವತ್ತು ಮುಗಿಯಿತು ಎಂದುಕೊಂಡು, ಹತ್ತುವ ಮನಸ್ಸೂ ಇಲ್ಲದೆ ಸೇತುವೆಯ ಕಡೆಗೆ ಸೈಕಲ್ ತಳ್ಳುತ್ತ ಹೊರಟೆ.

ಮುಂದಿನದು ಹೇಳಲು ಹೆಚ್ಚಿಲ್ಲ. ಸ್ವಲ್ಪ ಹೊತ್ತಿಗೆ ನೀರಿನ ಸದ್ದು ನಿಂತಿತು. ಗಾಲಿಯ ಕೆಳಗೆ ನೆಲ ಮೆತ್ತಗಾಯಿತು. ಭಯವೇನೂ ಆಗಲಿಲ್ಲ, ತಡವಾಯಿತಲ್ಲ ಎಂಬ ಸಿಟ್ಟೇ ತಲೆಯಲ್ಲಿ ತುಂಬಿತ್ತು. ಆಮೇಲೆ ಎದುರಿಗೆ ಕಚೇರಿಯ ಬೇವಿನ ಮರ ಕಂಡಿತು. ಸೇತುವೆಯ ಏರು ಹತ್ತಿದ ನೆನಪು ನನಗಿಲ್ಲ. ಬಾಗಿಲಲ್ಲಿದ್ದ ಹಾಜರಿ ಯಂತ್ರಕ್ಕೆ ಗ್ರೀಸು ಹತ್ತಿದ ಹೆಬ್ಬೆರಳು ಒತ್ತಿದೆ. ಎರಡು ಸಲ ಒಲ್ಲೆ ಅಂದ ಯಂತ್ರ ಮೂರನೆಯದಕ್ಕೆ ಒಪ್ಪಿತು. ಒಂಬತ್ತೂ ಇಪ್ಪತ್ತಾರು.

ಕೂತು ಮೊಬೈಲು ತೆರೆದೆ. ಕೆಂಪು ಗೆರೆ ಗೇಟಿನಿಂದ ಸೀದಾ ನೀರಿನ ಮೇಲೆ ಹಾಯ್ದು, ಜೋಳದ ಹೊಲದ ನಡುವೆ ಬಂದು ಕಚೇರಿ ಮುಟ್ಟಿತ್ತು. ದೇವಿಂದ್ರಪ್ಪ ನಿಂತಿದ್ದರೆಂದು ನಾನು ಬರೆದುಕೊಟ್ಟ ಜಾಗ ಆ ಗೆರೆಯ ಮೇಲೇ ಇತ್ತು. ಹೊರಗೆ ಹೋಗಿ ಸೈಕಲ್ ನೋಡಿದೆ. ದಂಡೆಯ ಮುರುಮು ಕೆಂಪು, ಗಾಲಿಗೆ ಮೆತ್ತಿದ್ದು ಹೊಲದ ಕಪ್ಪು ಎರೆಮಣ್ಣು. ಪ್ಯಾಂಟು ಒಂದಿಷ್ಟೂ ಒದ್ದೆಯಾಗಿರಲಿಲ್ಲ. ಅಂದು ಕಾಲುವೆಯಲ್ಲಿ ಆಳು ಮುಳುಗುವಷ್ಟು ನೀರಿತ್ತು, ಆ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಿದವನೂ ನಾನೇ.

ಆ್ಯಪ್ ತಪ್ಪು ಎನ್ನೋಣವೆಂದರೆ ಹೆಬ್ಬೆರಳಿನ ಯಂತ್ರ ಬೇರೆ, ಅದರ ಗಡಿಯಾರ ಬೇರೆ, ಅದೂ ನಾನು ಆರೇ ನಿಮಿಷದಲ್ಲಿ ಬಂದೆನೆಂದೇ ಹೇಳುತ್ತಿತ್ತು. ಎರಡನ್ನೂ ಪರೀಕ್ಷಿಸಿ ನೋಡಿದೆ, ದೋಷ ಸಿಗಲಿಲ್ಲ. ವರದಿ ಕೇಳಿದ್ದ ಮೇಲಿನ ಸಾಹೇಬರ ಬಳಿ ಹೋಗಿ, ಜಾಗದ ದಾಖಲೆ ನಂಬುವಂತಿಲ್ಲ, ದೇವಿಂದ್ರಪ್ಪನವರ ವಿಷಯ ಮತ್ತೊಮ್ಮೆ ನೋಡಿ ಎಂದೆ. "ಅವತ್ತು ಸರಿ ಅಂತ ಬರದವ್ರೂ ನೀವ, ಇವತ್ತು ತಪ್ಪು ಅನ್ನಾವ್ರೂ ನೀವ. ಹೋಗಿ ಕೆಲಸ ನೋಡ್ರಿ," ಅಂದರು. ನನ್ನ ಗೆರೆಯ ಸುದ್ದಿ ಹೇಳಲು ಬಾಯಿ ಬರಲಿಲ್ಲ. ಹೇಳಿದ್ದರೆ ಯಾರು ನಂಬುತ್ತಿದ್ದರು?

ಮರುವಾರ ದೇವಿಂದ್ರಪ್ಪನವರ ಮನೆಗೆ ಸೈಕಲ್ ತುಳಿದೆ. ಅವರು ಸೈದಾಪುರದ ಕಡೆ ಕಾರ್ಖಾನೆಯೊಂದರಲ್ಲಿ ಕಾವಲಿಗೆ ಸೇರಿದ್ದರು, ಅಂದು ರಜೆಯಲ್ಲಿ ಬಂದಿದ್ದರು. ಕಟ್ಟೆಯ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದೆ. ಹೇಳುತ್ತಿದ್ದಂತೆ ನನಗೇ ನಾಚಿಕೆಯಾಗತೊಡಗಿತು, ಹುಚ್ಚನ ಮಾತಿನ ಹಾಗಿತ್ತು.

"ಕಾಲುವಿ ಬರೂಕಿಂತ ಮೊದ್ಲ ಅಲ್ಲಿ ಬಂಡಿ ದಾರಿ ಇತ್ರಿ," ಎಂದಷ್ಟೇ ಹೇಳಿದರು ಅವರು.

ಅದಕ್ಕೂ ಇದಕ್ಕೂ ಏನು ಸಂಬಂಧ, ನನಗೆ ಇವತ್ತಿಗೂ ಹೊಳೆದಿಲ್ಲ. ಆದರೂ ಸಾಕ್ಷಿ ಇರಲಿ ಎಂದು ಮೊಬೈಲು ತೆಗೆದು ಅವರ ಮುಂದೆ ಹಿಡಿದೆ.

"ಅದ್ಯಾಕ್ರಿ? ನೀವ ಹೇಳಾಕತ್ತೀರಲ್ಲ, ಸಾಕಲ್ಲ," ಅಂದರು ದೇವಿಂದ್ರಪ್ಪ. ಒಳಗೆ ತಿರುಗಿ ಚಹಾ ಇಡಲು ಹೇಳಿದರು. ಮೊಬೈಲಿನ ಕಡೆ ಅವರು ನೋಡಲೇ ಇಲ್ಲ.