ಸೀನಿದರೆ ಮರು ಆಟ

ಸುಳ್ಳು ಸೀನು ಸೀನುವುದು ನೀವು ಅಂದುಕೊಂಡಷ್ಟು ಸುಲಭವಲ್ಲ. ಕೆಮ್ಮನ್ನು ಯಾರು ಬೇಕಾದರೂ ನಟಿಸಬಹುದು. ಸಭೆಗಳಲ್ಲಿ ಕೇಳುವ ಅರ್ಧ ಕೆಮ್ಮು ನಟನೆಯೇ. ಸೀನಿಗಾದರೆ ಮುಖ, ಮೂಗು, ಹೆಗಲು ಮೂರೂ ಒಂದೇ ಹೊತ್ತಿಗೆ ಒಪ್ಪಬೇಕು. ನಾನು ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಸೀನು ಸೀನಿದ್ದೇನೆ. ಅದೂ ಬ್ಯಾಡಗಿಯಲ್ಲಿ, ಊರ ಜನರೆಲ್ಲ ನೋಡುತ್ತಿರುವಾಗ.

ಎಂಬತ್ತರ ದಶಕದಲ್ಲಿ ನಮ್ಮೂರಲ್ಲೊಂದು ಬಾಲ್ ಬ್ಯಾಡ್ಮಿಂಟನ್ ಕ್ಲಬ್ ಇತ್ತು. ಕ್ಲಬ್ ಎಂದರೆ ನಿಮಗೆ ಬೆತ್ತದ ಕುರ್ಚಿ, ಕೈಗೆ ಶರಬತ್ತು ತಂದುಕೊಡುವ ಆಳು ನೆನಪಾದೀತು. ನಮ್ಮದು ಎರಡು ಕಂಬ, ಒಂದು ಬಲೆ, ಒಂದು ತಗಡಿನ ಟ್ರಂಕು. ಅಂಚೆ ಕಚೇರಿಯ ಗುಮಾಸ್ತನಾದ ನಾನು ಅದರ ಕಾರ್ಯದರ್ಶಿ. ನನ್ನ ಆಟ ನೋಡಿ ಕೊಟ್ಟ ಪದವಿ ಅದಲ್ಲ, ಅಕ್ಷರ ದುಂಡಗಿತ್ತು.

ಅಂಕಣ ಮಾತ್ರ ಸ್ವಂತದ್ದಲ್ಲ. ಅದು ಸಂಗಪ್ಪ ಸಾವಕಾರರು ಮೆಣಸಿನಕಾಯಿ ಒಣಗಿಸುತ್ತಿದ್ದ ಕಣ. ಸುಗ್ಗಿಯಲ್ಲಿ ಸಂಜೆ ಕಾಯಿಯನ್ನು ಗೋಡೆ ಬದಿಗೆ ಗುಡಿಸಿ ಒಟ್ಟಿದ ಮೇಲೆ ನಮ್ಮ ಆಟ. ಈ ಆಟದ ಚೆಂಡು ಹಳದಿ ಉಣ್ಣೆಯದು. ನೆಲಕ್ಕೆ ಬಿದ್ದಾಗಲೆಲ್ಲ ಅದು ಖಾರದ ಪುಡಿ ಮೆತ್ತಿಕೊಂಡು ಏಳುತ್ತಿತ್ತು, ಮುಂದಿನ ಹೊಡೆತಕ್ಕೆ ಎದುರಾಳಿಯ ಮೂಗಿನ ಮುಂದೆ ಜಾಡಿಸುತ್ತಿತ್ತು. ಹೀಗಾಗಿ ಬೇರೆಲ್ಲೂ ಇಲ್ಲದ ಒಂದು ನಿಯಮವನ್ನು ನಾನೇ ದುಂಡಗೆ ಬರೆದಿಟ್ಟೆ: ಚೆಂಡು ಹೊಡೆಯುವಾಗ ಆಟಗಾರನಿಗೆ ಸೀನು ಬಂದರೆ ಆ ಪಾಯಿಂಟನ್ನು ಮತ್ತೆ ಆಡತಕ್ಕದ್ದು.

ಒಂಟಿ ಸೀನು ಅಪಶಕುನವೆಂದು ಹಿರಿಯರು ಹೊರಗಿಟ್ಟ ಕಾಲನ್ನು ಒಳಗೆಳೆದುಕೊಳ್ಳುತ್ತಿದ್ದರು. ಅದನ್ನೇ ಹಿಡಿದು ಕೂತಿದ್ದರೆ ಬ್ಯಾಡಗಿಯಲ್ಲಿ ಒಂದು ಮದುವೆಯೂ ಗೊತ್ತಾಗುತ್ತಿರಲಿಲ್ಲ, ಕಾಗಿನೆಲೆಗೆ ಒಂದು ಬಸ್ಸೂ ಹೊರಡುತ್ತಿರಲಿಲ್ಲ. ನಮ್ಮಲ್ಲಿ ಸೀನು ಶಕುನವಲ್ಲ, ಹವಾಮಾನ. ಪುಣ್ಯಕ್ಕೆ ಮೆಣಸಿನಕಾಯಿಯ ಸೀನು ಒಂಟಿಯಾಗಿ ಬರುವುದೂ ಇಲ್ಲ, ಬಳಗ ಕಟ್ಟಿಕೊಂಡೇ ಬರುತ್ತದೆ.

ಇಷ್ಟರಲ್ಲಿ ಸಾವಕಾರರಿಗೆ ಆ ಕಣದಲ್ಲಿ ಗೋದಾಮು ಕಟ್ಟಿಸುವ ಯೋಚನೆ ಬಂತು. ನಾವು ಕೈಮುಗಿದು ನಿಂತೆವು.

"ಪ್ರತಿ ವರ್ಷ ರಾಣೆಬೆನ್ನೂರವ್ರ ಕಡೆ ಸೋತು ಬರ್ತೀರಿ. ಈ ಸಲ ಅವರನ್ನ ಸೋಲಸ್ರಿ, ಕಣ ನಿಮಗ ಬಿಡ್ತೇನಿ. ಇಲ್ಲಂದ್ರ ಮರುದಿನಾನ ಗೋದಾಮಿಗೆ ಪಾಯಾ ತಗಸ್ತೇನಿ," ಅಂದರು.

ರಾಣೆಬೆನ್ನೂರಿನವರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನಮ್ಮ ಕಣಕ್ಕೆ ಬಂದಿಳಿದರು. ನಮ್ಮ ಕಡೆ ಐದು ಜನ ಕೂಡಲು ನನ್ನನ್ನೂ ಸೇರಿಸಬೇಕಾಯಿತು. ನಮ್ಮ ಅಂಪೈರ್ ಉರ್ದು ಶಾಲೆಯ ಮುಲ್ಲಾ ಮಾಸ್ತರರು, ಅಳಿಯನ ಆಟದಲ್ಲೂ ತಪ್ಪು ಹಿಡಿದ ಮನುಷ್ಯ. ಕೊನೆಯ ಆಟ ಸರಿಸಮ ಸಾಗಿ ಒಂದೇ ಪಾಯಿಂಟಿಗೆ ಬಂದು ನಿಂತಿತು. ಚೆಂಡು ನೇರ ನನ್ನ ಕಡೆಗೇ ಬಂತು. ನಾನು ಬೀಸಿದೆ, ಬ್ಯಾಟಿಗೆ ಗಾಳಿ ಸಿಕ್ಕಿತು. ಚೆಂಡು ಇನ್ನೂ ನೆಲ ಮುಟ್ಟಿರಲಿಲ್ಲ, ಕಣ್ಣಿಗೆ ಗೋದಾಮಿನ ಗೋಡೆ ಕಟ್ಟಿತು.

"ಆಕ್ಷೀ!" ಅಂದೆ.

ಊರೇ ಮಾಸ್ತರರ ಮುಖ ನೋಡಿತು. ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕರವಸ್ತ್ರ ತೆಗೆದು, ತಾವೂ ಜೋರಾಗಿ ಎರಡು ಸಲ ಸೀನಿ, "ಘಾಟು ಭಾಳ ಐತಿ. ಮತ್ತೊಮ್ಮಿ ಆಡ್ರಿ," ಅಂದರು. ನಿಜಕ್ಕೂ ಖಾರ ಎದ್ದಿರಬೇಕೆಂದು ನಾನು ದೇವರನ್ನು ನೆನೆದೆ. ಮರು ಆಟದಲ್ಲಿ ಚೆಂಡು, ದೇವರ ದಯೆ, ನನ್ನ ಹತ್ತಿರ ಸುಳಿಯಲಿಲ್ಲ. ಗೆದ್ದೆವು.

ಸಾವಕಾರರು ಮಾತಿಗೆ ತಪ್ಪಲಿಲ್ಲ. ಅವರು ಇರುವವರೆಗೂ ಕಣ ನಮ್ಮದಾಗಿತ್ತು. ಅವರ ನಂತರ ಗೋದಾಮು ಎದ್ದಿತು, ಕ್ಲಬ್ಬು ಕರಗಿತು. ಬಲೆಯ ಮೇಲೆ ನನ್ನ ಹೆಂಡತಿ ಹೀರೇಬಳ್ಳಿ ಹಬ್ಬಿಸಿದಳು. ಆದರೆ ಆ ಸೀನು ಮಾತ್ರ ನನ್ನ ಬೆನ್ನು ಬಿಡಲಿಲ್ಲ. ರಾಣೆಬೆನ್ನೂರಿಗೆ ಹೋದಾಗಲೆಲ್ಲ ತಲೆ ತಗ್ಗಿಸಿಕೊಂಡೇ ಬಸ್ಸಿಳಿಯುತ್ತಿದ್ದೆ. ಎದುರಿಗೆ ಬಂದವರೆಲ್ಲ ಅವತ್ತು ನಮಗೆ ಸೋತವರ ಹಾಗೆಯೇ ಕಾಣುತ್ತಿದ್ದರು.

ಸುಮಾರು ಹತ್ತು ವರ್ಷದ ಮೇಲೆ ಹಾವೇರಿ ಬಸ್ ನಿಲ್ದಾಣದಲ್ಲಿ ಮಾಸ್ತರರು ಸಿಕ್ಕರು. ಬಸಿಗೆ ಸುರಿದ ಚಹಾ ಕುಡಿಯುತ್ತ, ತಡೆಯಲಾರದೆ ಹೇಳಿಬಿಟ್ಟೆ. "ಮಾಸ್ತರ, ಅವತ್ತಿನ ನನ್ನ ಸೀನು ಖರೇ ಅಲ್ಲರಿ."

ಅವರು ಬಸಿಯಿಂದ ಕಣ್ಣೆತ್ತಲಿಲ್ಲ. "ಗೊತ್ತೈತಿ ತಗೋರಿ. ನಮ್ಮೂರ ಸೀನು ಮೂರಕ್ಕ ಕಡಿಮಿ ಯಾವಾಗರ ಬಂದೈತೇನು? ನೀವು ಒಂದ ಸೀನಿ ನಿಂತ್ರಿ."

"ಮತ್ತ ಮರು ಆಟ ಯಾಕ ಕೊಟ್ರಿ?"

"ಉಳದ ಎರಡು ನಾ ಸೀನಿದ್ನಲ್ಲರಿ," ಅಂದರು ಮಾಸ್ತರರು. "ಅಂಪೈರ್ ಸೀನಬಾರದು ಅಂತ ನಿಮ್ಮ ನಿಯಮದಾಗ ಎಲ್ಲಿ ಬರದೀರಿ?"

ಚಹಾ ನೆತ್ತಿಗೇರುವಷ್ಟು ನಕ್ಕೆ. ಇಷ್ಟು ವರ್ಷ ನಾನೊಬ್ಬನೇ ಹೊತ್ತೆ ಅಂದುಕೊಂಡಿದ್ದ ಪಾಪದಲ್ಲಿ, ಮೂರರಲ್ಲಿ ಎರಡು ಪಾಲು ಆ ಪ್ರಾಮಾಣಿಕ ಮನುಷ್ಯನ ಹೆಗಲ ಮೇಲಿತ್ತು. ಅವರು ಒಂದು ದಿನವೂ ತಲೆ ತಗ್ಗಿಸಿ ಬಸ್ಸಿಳಿದವರಲ್ಲ.